ಏಳುನೂರಾ ಹನ್ನೆರಡು

ಚುಕ್ಕಿಗೆ ಬಣ್ಣವಿಲ್ಲ.
ಇಷ್ಟು ತಿಳಿಯಲು ನನಗೆ ಮೂರು ಸಂಜೆ ಹಿಡಿದವು,
ದಾವಣಗೆರೆಯ ಪಾಲಿಟೆಕ್ನಿಕ್ಕಿನ ಎರಡನೇ ಮಹಡಿಯಲ್ಲಿ,
ಮಂಡಕ್ಕಿ ಭಟ್ಟಿಗಳ ಹೊಗೆ ಕಿಟಕಿ ಸರಳಿಗೆ ಕೂತು
ಮುಟ್ಟಿದರೆ ಬೆರಳು ಕರಿಯಾಗುವ ಲ್ಯಾಬಿನಲ್ಲಿ.
ಚುಕ್ಕಿಯ ಹತ್ತಿರ ಇರುವುದು ಬರೀ ಒಂದು ನಂಬರು.
ಬಣ್ಣ ಬೇರೆ ಕಡೆ, ಪ್ಯಾಲೆಟ್ ಎಂಬ ಪಟ್ಟಿಯಲ್ಲಿ.
ರೇಷನ್ ಕಾರ್ಡು ನಮ್ಮ ಕೈಯಲ್ಲಿ,
ಅಕ್ಕಿ ಸೊಸೈಟಿಯ ಗೋಣಿಯಲ್ಲಿ.

ನಾನು ಬರೆದಿದ್ದು ಒಂದು ಟವೆಲ್ಲು,
ಮಕ್ಕಳಿಗೆ ಪಾಠಕ್ಕೆಂದು.
ಬೂದಿ ಮೈ, ಕೆಂಪು ಅಂಚು, ಅರಿಶಿನದ ಎರಡು ಗೆರೆ.
ಪರದೆಗೆ ಬಂದಿದ್ದು
ಕಪ್ಪು ಮೈ, ನೀಲಿ ಅಂಚು,
ಅರಿಶಿನ ಎಲ್ಲಿ ಹೋಯಿತೋ, ಅದೂ ನೀಲಿಯಲ್ಲೇ ಮುಳುಗಿ.

ಕಪ್ಪು ಕೊಟ್ಟು ನೋಡಿದೆ, ಕಪ್ಪೇ ಬಂತು.
ಬಿಳಿ ಕೊಟ್ಟೆ, ಬಿಳಿಯೇ.
ಎರಡು ತುದಿಯೂ ನೆಟ್ಟಗಿದ್ದು ನಡು ಯಾಕೆ ಡೊಂಕು?
ಗಂಟೆಗೆ ನಲವತ್ತು ರೂಪಾಯಿಯ ತಾತ್ಕಾಲಿಕ ಮೇಡಂ ನಾನು,
ಗಂಟೆ ಮುಗಿದ ಮೇಲಿನ ಈ ಗಂಟೆಗಳಿಗೆ
ಲೆಕ್ಕವೇ ಇಲ್ಲ.

ಬೀಗದ ಗೊಂಚಲು ಕುಣಿಸುತ್ತ ಬಾಗಿಲಲ್ಲಿ ನಿಂತರು
ಅಟೆಂಡರ್ ಕೊಟ್ರಬಸಪ್ಪ,
ಮಿಲ್ಲು ಮುಚ್ಚುವ ತನಕ ಬಣ್ಣದ ಖಾತೆಯಲ್ಲಿದ್ದವರು.
ಉಗುರ ಸಂದಿಯಲ್ಲಿ ಇನ್ನೂ ಬಿಡದ ಒಂದು ನೇರಳೆ.
'ಬಿಳೀದು ಬಿಳೀದಾಗೇ ಬಂತಾ ಮೇಡಂ? ಕರೀದು?
ಹಂಗಾರೆ ಬಣ್ಣ ಕೆಟ್ಟಿಲ್ಲ, ಅಳತಿ ಕೆಟ್ಟೈತಿ.
ಪಾತ್ರಿ ಎಷ್ಟು ಹಿಡಿತೈತಿ?'

ಪಾತ್ರೆ!
ಜೆರಾಕ್ಸ್ ಹಾಳೆಗಳನ್ನು ಮಗುಚಿದೆ.
ಪಾತ್ರೆ ಹಿಡಿಯುವುದು ಅರವತ್ತಮೂರು,
ನಾನು ಸುರಿದದ್ದು ಇನ್ನೂರೈವತ್ತೈದರ ಲೆಕ್ಕ.
ಅರವತ್ತನಾಲ್ಕಕ್ಕೆ ತುಳುಕಿ ಮತ್ತೆ ಸೊನ್ನೆಯಿಂದ ಶುರು.
ನೂರಿಪ್ಪತ್ತೆಂಟರ ಬೂದಿ ಎರಡು ಸಲ ಬರಿದಾಗಿ
ಕಪ್ಪಾಗಿ ಕೂತಿತ್ತು.
ಇನ್ನೂರೈವತ್ತೈದು ಮಾತ್ರ
ನಾಲ್ಕನೇ ಸುತ್ತಿಗೆ ಸರಿಯಾಗಿ ಕಂಠಮಟ್ಟ ನಿಂತು
ಸಾಚಾ ಎಂದು ನಂಬಿಸಿತ್ತು.

ನಾಲ್ಕರಿಂದ ಭಾಗಿಸಿದೆ. ಒಂದೇ ಸಾಲು.
ಬೂದಿ ಬೂದಿಯಾಯಿತು.
ಅಂಚು ಮಾತ್ರ ಇನ್ನೂ ನೀಲಿ.

'ಡಬ್ಬಿ ಅದಲುಬದಲು' ಎಂದು ನಕ್ಕರು ಕೊಟ್ರಬಸಪ್ಪ.
ಒಂದು ರಾತ್ರಿ ಪಾಳಿಯಲ್ಲಿ ತಾವೂ ನಿದ್ದೆಗಣ್ಣಲ್ಲಿ
ಕೆಂಪಿನ ತೊಟ್ಟಿಗೆ ನೀಲಿ ಸುರಿದಿದ್ದರಂತೆ,
ಮುನ್ನೂರು ಟವೆಲ್ಲು, ಹದಿನೈದು ದಿನದ ಪಗಾರ.
'ಭಾಳ ಚಲೋ ಮಾರಿದ್ವು ಆ ಟವೆಲ್ಲು.
ಪಗಾರ ಮಾತ್ರ ತಿರುಗಿ ಬರಲಿಲ್ಲ.'
ಫೈಲಿನಲ್ಲಿ ನೀಲಿ ಮೊದಲು, ಕೆಂಪು ಕೊನೆಗೆ,
ನಾನು ಓದಿದ್ದು ತಿರುವುಮುರುವು.
ಹಸಿರು ಹೇಗಿದ್ದರೂ ನಡುವಿನದು,
ಅದಕ್ಕೇ ಅದರ ಮೇಲೆ ನನಗೆ ಅನುಮಾನ ಹುಟ್ಟಿರಲಿಲ್ಲ.

ಟವೆಲ್ಲು ಸರಿಯಾಯಿತು. ಬೀಗ ಹಾಕಬಹುದಿತ್ತು.
ಅವರು ಸ್ಟೂಲು ಎಳೆದು ಕೂತರು.
'ಏಳುನೂರಾ ಹನ್ನೆರಡು ಬರ್ತೈತಾ ಇದ್ರಾಗೆ?'

ಶೇಡ್ ಕಾರ್ಡು ಮಿಲ್ಲಿನ ರದ್ದಿಯ ಜೊತೆ ತೂಕಕ್ಕೆ ಹೋಗಿತ್ತು.
ಬಾಯಲ್ಲಿ ನಂಬರು ಉಳಿದಿತ್ತು, ಪಟ್ಟಿ ಇರಲಿಲ್ಲ.
ಹೇಗಿತ್ತು ಅಂದೆ.
ದಾಳಿಂಬೆ, ಅಂದರು. ಬೀಜ ಅಲ್ಲ, ಬೀಜ ಒಡೆದಾಗಿನ ರಸ,
ಅದೂ ಬಿಳಿ ಅರಿವೆ ಮೇಲೆ, ಒಣಗೋ ಮುಂಚೆ.

ಐವತ್ತು, ಸೊನ್ನೆ, ಹತ್ತು. 'ಕುಂಕುಮ ಆತು.'
ನಲವತ್ತೈದು, ನಾಲ್ಕು, ಇಪ್ಪತ್ತು. 'ಇದು ಬೀಟ್ರೂಟು.'
ಎದ್ದು ದೂರ ಹೋಗಿ ನಿಂತು ನೋಡಿದರು, ಒಂದು ಕಣ್ಣು ಮುಚ್ಚಿ.
ಟ್ಯೂಬ್‌ಲೈಟ್ ಆರಿಸಲು ಹೇಳಿದರು.
ನಲವತ್ತೊಂದು, ಒಂಬತ್ತು, ಹದಿನೇಳು.
ಮಾತಿಲ್ಲ.
ಪರದೆಯ ಬೆಳಕು ಅವರ ಬನಿಯನ್ನಿನ ಮೇಲೆ ಬಿದ್ದು
ಬಿಳಿ ಅರಿವೆ
ಒದ್ದೆಯಾದ ಹಾಗಿತ್ತು.

ಕರೆಂಟು ಹೋಯಿತು.
ಸೇವ್ ಮಾಡಿರಲಿಲ್ಲ.
ಕತ್ತಲಲ್ಲಿ ಅವರ ದನಿ:
'ಕರೀದು ಸರಿ ಬಂದೈತಿ ಬಿಡ್ರಿ ಮೇಡಂ.'

ಮೆಟ್ಟಿಲಿಳಿಯುವಾಗ ನನಗೆ ಮೂರರಲ್ಲಿ ಒಂದು ಅಂಕಿ
ಆಗಲೇ ಮರೆತಿತ್ತು.
ಬೆಳಿಗ್ಗೆ ಲ್ಯಾಬಿನ ಬೀಗ ತೆಗೆಯುತ್ತ,
ನಮಸ್ಕಾರವನ್ನೂ ಹೇಳದೆ,
ನನ್ನ ಕಡೆ ತಿರುಗದೆ ಅವರೆಂದರು:
ನಲವತ್ತೊಂದು, ಒಂಬತ್ತು, ಹದಿನೇಳು.